ಪೇಪರ್ ಫೋಟೊಗ್ರಾಫರ್ ಕೆಲಸ, ಬೆಟ್ಟ-ಕಡಲಿನ ಹುಚ್ಚು: ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆ

ಮಂಗಳೂರು, ಉಡುಪಿ ಕಡೆ ಪತ್ರಿಕೆಗೆ ಫೋಟೊಗ್ರಾಫರ್ ಆಗಿ ಸೇರುವ ಹುಡುಗರು ಮೊದಲು ಕೇಳುವುದು ಲೆನ್ಸ್ ಬಗ್ಗೆ. ಆಮೇಲೆ ಕೇಳುವುದು, 'ಚಾರಣ, ಹಕ್ಕಿ ಅಂತ ತಿರುಗಾಡಲಿಕ್ಕೆ ಟೈಮ್ ಸಿಗುತ್ತಾ?' ಸಿಗುತ್ತದೆ. ಆದರೆ ರಜೆ ಕಾಯುತ್ತಾ ಕೂತರೆ ಖಂಡಿತ ಸಿಗುವುದಿಲ್ಲ. ವಾರದ ರಜೆ ನಿಮಗೂ ಇದೆ, ಪಟ್ಟಿಯಲ್ಲಿ ಹೆಸರೂ ಇರುತ್ತದೆ. ಆದರೆ ಅದೇ ದಿನ ಯಾರೋ ಮಂತ್ರಿ ಬರುತ್ತಾರೆ, ಇಲ್ಲವೇ ಘಾಟಿಯಲ್ಲಿ ಗುಡ್ಡ ಕುಸಿಯುತ್ತದೆ.

ಹಾಗಾಗಿ ಬೆಳಗಿನ ಹೊತ್ತನ್ನು ಹಿಡಿದುಕೊಳ್ಳಿ. ಪತ್ರಿಕಾಗೋಷ್ಠಿಗಳು ಶುರುವಾಗುವುದು ಹತ್ತೂವರೆ ಹನ್ನೊಂದಕ್ಕೆ. ಮಧ್ಯಾಹ್ನ ಪ್ರತಿಭಟನೆ, ಸಂಜೆ ಸಭೆ, ರಾತ್ರಿ ಪುಟ ಮುಗಿಯುವ ತನಕ ಡೆಸ್ಕಿನವರ, ಅಂದರೆ ಆಫೀಸಿನಲ್ಲಿ ಪುಟ ಕಟ್ಟುವವರ ಫೋನು. ಬೆಳಕು ಹರಿದಾಗಿನಿಂದ ಒಂಬತ್ತರವರೆಗೆ ಮಾತ್ರ ನಿಮ್ಮನ್ನು ಯಾರೂ ಕೇಳುವುದಿಲ್ಲ, ಮೇಲಾಗಿ ಬೆಳಕು ಚೆನ್ನಾಗಿರುವುದೂ ಆಗಲೇ. ಕಡಲ ಸೂರ್ಯಾಸ್ತದ ಆಸೆ ಬಿಟ್ಟುಬಿಡಿ, ಅದು ಪ್ರವಾಸಿಗರಿಗೆ. ನಾವು ಆ ಹೊತ್ತಿಗೆ ಯಾವುದೋ ಹಾಲ್‌ನಲ್ಲಿ ದೀಪ ಬೆಳಗುವವರ ಮುಂದೆ ಬಗ್ಗಿಕೊಂಡಿರುತ್ತೇವೆ.

ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಒಂದು ಜಾಗ ಆರಿಸಿಕೊಂಡು ಅಲ್ಲಿಗೇ ಮತ್ತೆ ಮತ್ತೆ ಹೋಗಿ. ದಿನಕ್ಕೊಂದು ಹೊಸ ಜಾಗ ಬೇಡ. ಮೂಲ್ಕಿಯ ಹತ್ತಿರ ಶಾಂಭವಿ, ನಂದಿನಿ ಎರಡೂ ನದಿಗಳು ಸಮುದ್ರ ಸೇರುವ ಸಸಿಹಿತ್ಲು ಕಡೆ ಚಳಿಗಾಲದಲ್ಲಿ ವಲಸೆ ಹಕ್ಕಿಗಳು ಬರುತ್ತವೆ, ಅಲೆ ಮೇಲೆ ಸರ್ಫಿಂಗ್ ಮಾಡುವವರೂ ಸಿಗುತ್ತಾರೆ. ಅಷ್ಟು ದೂರ ಆಗದಿದ್ದರೆ ಬಂದರಿನ ಧಕ್ಕೆಗೆ ಹೋಗಿ. ಬೋಟಿನಿಂದ ಮೀನು ಇಳಿಸುವ ಗಡಿಬಿಡಿ, ಮೇಲೆ ಗಿಡುಗ, ಕೆಳಗೆ ಬೆಳ್ಳಕ್ಕಿ. ಅಲ್ಲಿ ಒಂದು ವಾರ ಸುಮ್ನೆ ನಿಂತರೆ ಓಡುವುದನ್ನು, ಹಾರುವುದನ್ನು ಫೋಕಸ್ ಮಾಡುವುದಕ್ಕೆ ಕೈ ಪಳಗುತ್ತದೆ. ಮರುದಿನ ಲಾಠಿ ಪ್ರಹಾರ ಆದರೆ ಕೆಲಸಕ್ಕೆ ಬರುವುದು ಅದೇ ಕೈ.

ಇದಕ್ಕೊಂದು ಸ್ವಾರ್ಥದ ಕಾರಣವೂ ಇದೆ. ಸುದ್ದಿಯೇ ಇಲ್ಲದ ದಿನ ಸಂಜೆ ಐದಕ್ಕೆ ಡೆಸ್ಕಿನಿಂದ, 'ಮುಖಪುಟಕ್ಕೆ ಒಂದು ಒಳ್ಳೆ ಫೋಟೊ ಬೇಕಲ್ವಾ' ಅಂತ ಫೋನ್ ಬರುತ್ತದೆ. ಬೆಳಿಗ್ಗೆ ಮನೆಯಲ್ಲಿ ಮಲಗಿದ್ದವನು ಆಗ ರಸ್ತೆ ಬದಿಯ ಕೊಡೆ ಹುಡುಕಿಕೊಂಡು ಹೋಗಬೇಕು. ನಿಮ್ಮ ಹತ್ತಿರ ಅವತ್ತು ಬೆಳಿಗ್ಗೆಯದೇ, ಉಳುಮೆಯ ಟಿಲ್ಲರ್ ಹಿಂದೆ ಸಾಲಾಗಿ ಹೋಗುವ ಬೆಳ್ಳಕ್ಕಿಗಳ ಚಿತ್ರ ಇರುತ್ತದೆ. ಇದು ಎರಡು ಮೂರು ಸಲ ಆದ ಮೇಲೆ ನೀವು ಎರಡು ದಿನ ರಜೆ ಕೇಳಿದಾಗ ಮುಖ್ಯಸ್ಥರ ಧ್ವನಿಯೇ ಬೇರೆ ಇರುತ್ತದೆ.

ನಿಮ್ಮದೇ ಪಂಚಾಂಗ

ಡೈರಿಯಲ್ಲೋ ಫೋನಿನಲ್ಲೋ ವರ್ಷದ ಲೆಕ್ಕ ಬರೆದಿಟ್ಟುಕೊಳ್ಳಿ. ಜೂನ್ ಮೊದಲ ವಾರದ ಆಸುಪಾಸಿಗೆ ಮುಂಗಾರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಒಟ್ಟು 61 ದಿನ. ಆಗ ಧಕ್ಕೆಯಲ್ಲಿ ಬೋಟುಗಳು ಒತ್ತಿಕೊಂಡು ನಿಂತಿರುತ್ತವೆ, ಬಲೆ ರಿಪೇರಿ ನಡೆಯುತ್ತಿರುತ್ತದೆ. ಆಗಸ್ಟ್‌ನಲ್ಲಿ ಕಡಲಿಗೆ ಇಳಿಯುವ ಬೋಟುಗಳು. ಅಷ್ಟಮಿಯ ಮರುದಿನ ಉಡುಪಿಯ ವಿಟ್ಲಪಿಂಡಿ ಅಂದರೆ ಮೊಸರು ಕುಡಿಕೆ ಉತ್ಸವ, ನವರಾತ್ರಿಗೆ ಹುಲಿವೇಷ. ನವೆಂಬರ್ ಬಂದರೆ ಕಂಬಳ. ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವುದು ಮೇ ಕೊನೆಯ ಹೊತ್ತಿಗೆ ಬರುವ, ತುಳು ತಿಂಗಳ ಲೆಕ್ಕದ ಪತ್ತನಾಜೆ ದಿನಕ್ಕೆ. ಇದರ ನಡುವೆ ಖಾಲಿ ಉಳಿಯುವ ದಿನಗಳಲ್ಲೇ ಚಾರಣ ಹಾಕಿಕೊಳ್ಳಬೇಕು. ಕಂಬಳ ಇರುವ ಶನಿವಾರ-ಭಾನುವಾರ ರಜೆ ಕೇಳಿ ಬೈಸಿಕೊಳ್ಳಬೇಡಿ.

ಉಬ್ಬರ-ಇಳಿತದ ಸಮಯವನ್ನೂ ಅದರಲ್ಲೇ ಬರೆದುಕೊಳ್ಳಿ. ಕಡಲ ತೀರದಲ್ಲಿ ಕೆಲಸ ಮಾಡುವ ಎಷ್ಟೋ ಫೋಟೊಗ್ರಾಫರುಗಳು ಇದನ್ನು ನೋಡುವುದೇ ಇಲ್ಲ, ನನಗೆ ಆಶ್ಚರ್ಯ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಅಂದರೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರು ಜಾಸ್ತಿ ಏರುತ್ತದೆ. ಮಳೆಗಾಲದಲ್ಲಿ ಉಳ್ಳಾಲದ ಕಡಲ್ಕೊರೆತದ ಫೋಟೊಗೆ ಕಳಿಸಿದರೆ ಉಬ್ಬರಕ್ಕೆ ಒಂದು ಗಂಟೆ ಮುಂಚೆ ಅಲ್ಲಿರಿ. ಇಳಿತದಲ್ಲಿ ಹೋದವನಿಗೆ ಕಲ್ಲು ಮಾತ್ರ ಸಿಗುತ್ತದೆ. ಹಕ್ಕಿಗೆ ಇದು ಉಲ್ಟಾ, ನೀರು ಇಳಿದು ಕೆಸರು ಕಂಡಾಗಲೇ ಅವು ಮೇಯಲು ಬರುವುದು. ಒಂದೇ ಪಟ್ಟಿ, ಎರಡು ಕೆಲಸ.

ಮತ್ತೊಂದು ಮಾತು: ಅಲೆಗೆ ಬೆನ್ನು ತಿರುಗಿಸಿ ಸ್ಕ್ರೀನ್ ನೋಡಬೇಡಿ. ಮನೆ ಬಿದ್ದು ಅಳುತ್ತಿರುವವರ ಮುಖಕ್ಕೆ ಲೆನ್ಸ್ ಹಿಡಿಯುವ ಮುಂಚೆ ಎರಡು ಮಾತಾಡಿ. ಅವರು ಬೇಡ ಎಂದರೆ ಮನೆಯನ್ನಷ್ಟೇ ತೆಗೆಯಿರಿ.

ಕಂಬಳದಲ್ಲಿ ಎಲ್ಲಿ ನಿಲ್ಲಬೇಕು

ಕಂಬಳ ಅಂದರೆ ಎಲ್ಲರೂ ಕೆಸರು ಹಾರಿಸಿಕೊಂಡು ಎದುರಿಗೆ ಓಡಿ ಬರುವ ಕೋಣಗಳನ್ನೇ ತೆಗೆಯುತ್ತಾರೆ. ಅದು ಬೇಕು, ಸರಿ. 1/2000 ಸೆಕೆಂಡ್ ಶಟರ್ ಸ್ಪೀಡ್ ಇಟ್ಟರೆ ನೀರಿನ ಹನಿ ಗಾಜಿನ ಹಾಗೆ ನಿಲ್ಲುತ್ತದೆ. 1/60ಕ್ಕೆ ಇಳಿಸಿ ಕೋಣಗಳ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ಹಿಂದಿನ ಜನರೆಲ್ಲ ಗೆರೆಯಾಗಿ, ಓಡಿಸುವವನ ಮುಖ ಮಾತ್ರ ಉಳಿಯುತ್ತದೆ. ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ, ಬೇಸರ ಮಾಡಿಕೊಳ್ಳಬೇಡಿ.

ನನಗೆ ಕೇಳಿದರೆ ಒಳ್ಳೆ ಚಿತ್ರ ಇರುವುದು ಕನೆಹಲಗೆಯಲ್ಲಿ. ಇಲ್ಲಿ ಲೆಕ್ಕ ವೇಗದ್ದಲ್ಲ, ನೀರು ಎಷ್ಟು ಎತ್ತರ ಚಿಮ್ಮಿತು ಅನ್ನುವುದು. ಓಡಿಸುವವ ಹಲಗೆ ಮೇಲೆ ನಿಂತಿರುತ್ತಾನೆ, ಹಲಗೆಯ ತೂತಿನಿಂದ ನೀರು ಮೇಲಕ್ಕೆ ಹಾರುತ್ತದೆ. ಕರೆಗೆ, ಅಂದರೆ ಕೋಣಗಳು ಓಡುವ ಕೆಸರಿನ ಓಟದ ದಾರಿಗೆ ಅಡ್ಡಲಾಗಿ ಆರೂವರೆ ಕೋಲು, ಏಳೂವರೆ ಕೋಲು (ಕೋಲು ಅಂದರೆ ಇಲ್ಲಿನ ಅಳತೆ) ಎತ್ತರದಲ್ಲಿ ನಿಶಾನೆ ಬಟ್ಟೆ ಕಟ್ಟಿರುತ್ತಾರೆ. ನೀರು ಅದಕ್ಕೆ ತಾಗಬೇಕು. ನಿಶಾನೆಯ ನೇರ ಕೆಳಗೆ ಹೋಗಿ ನಿಂತರೆ ಬಟ್ಟೆಯೂ ಕಾಣುವುದಿಲ್ಲ, ಎತ್ತರವೂ ಗೊತ್ತಾಗುವುದಿಲ್ಲ. ಸ್ವಲ್ಪ ದೂರ, ಕರೆಯ ಪಕ್ಕಕ್ಕೆ ಸರಿದು 70-200 ಎಂಎಂ ಲೆನ್ಸ್ ಹಾಕಿ ಚಿತ್ರ ಉದ್ದುದ್ದ ಬರುವ ಹಾಗೆ ಕ್ಯಾಮೆರಾ ಲಂಬವಾಗಿ ಹಿಡಿಯಿರಿ. ಕೆಳಗೆ ಕೋಣಗಳ ಕೊಂಬು, ಮಧ್ಯೆ ಮನುಷ್ಯ, ಮೇಲೆ ಬಟ್ಟೆ, ಮೂರೂ ಬರಬೇಕು. ಕ್ಯಾಮೆರಾದ ಆಟೊ ಫೋಕಸ್ ಮೊದಲು ಚಿಮ್ಮುವ ನೀರನ್ನೇ ಹಿಡಿದುಬಿಡುತ್ತದೆ, ಅದಕ್ಕೇ ಹಿಂದಿನ ಜೋಡಿ ಹೋಗುವಾಗ ನಿಶಾನೆಯ ಕೆಳಗಿನ ಜಾಗಕ್ಕೆ ಫೋಕಸ್ ಮಾಡಿ ಅಲ್ಲೇ ಲಾಕ್ ಮಾಡಿಟ್ಟುಕೊಳ್ಳಿ. ನೀರು ಬಟ್ಟೆಗೆ ತಾಗುವ ಹೊತ್ತಿಗೆ ಜನ ಬೊಬ್ಬೆ ಹಾಕುತ್ತಾರೆ. ಬೊಬ್ಬೆ ಕೇಳಿ ಬಟನ್ ಒತ್ತಿದರೆ ತಡವಾಯಿತು ಅಂತಲೇ ಲೆಕ್ಕ.

ರಾತ್ರಿ ಹೊನಲು ಬೆಳಕಿನಲ್ಲಿ ಐಎಸ್ಒ 3200ರಿಂದ 6400, ಎಫ್/2.8, ಶಟರ್ 1/1000. ಕೆಲವು ದೀಪಗಳು ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತವೆ, ಒಂದು ಫ್ರೇಮ್ ಬೆಳ್ಳಗೆ ಬಂದರೆ ಇನ್ನೊಂದು ಹಳದಿಯಾಗಿ ಬರುತ್ತದೆ. ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಇದ್ದರೆ ಹಾಕಿ. ಕೋಣಗಳ ಮುಖಕ್ಕೆ ಫ್ಲ್ಯಾಶ್ ಬೇಡವೇ ಬೇಡ. ಓಟ ಮುಗಿಯುವ ಮಂಜೊಟ್ಟಿಯ ಹತ್ತಿರ ಎದುರಿಗೆ ಕೂರುವ ಧೈರ್ಯವೂ ಬೇಡ ಮಾರಾಯ್ರೆ, ಬರುವ ರಭಸಕ್ಕೆ ಕೋಣಗಳು ಗೆರೆ ನೋಡಿ ನಿಲ್ಲುವುದಿಲ್ಲ.

ಮಳೆ, ಉಪ್ಪು, ಬೂಸ್ಟು

ಇಲ್ಲಿ ಕ್ಯಾಮೆರಾ ಹಾಳಾಗುವುದು ಬಿದ್ದು ಅಲ್ಲ, ತೇವಕ್ಕೆ. ಲೆನ್ಸ್ ಒಳಗೆ ಫಂಗಸ್ ಬಂದರೆ ಕ್ಲೀನ್ ಮಾಡಿಸುವ ಖರ್ಚಿಗೆ ಕಣ್ಣಲ್ಲಿ ನೀರು ಬರುತ್ತದೆ. ಡ್ರೈ ಕ್ಯಾಬಿನೆಟ್ ದುಬಾರಿ ಅನಿಸಿದರೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಳಗೆ ತೇವಾಂಶ ತೋರಿಸುವ ಸಣ್ಣ ಮೀಟರ್ ಸಾಕು. 40ರಿಂದ 50 ಪರ್ಸೆಂಟ್ ಒಳಗೆ ಇರಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಎಸಿ ಆಫೀಸಿನಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮಂಜಾಗುತ್ತದೆ, ಹಾಗಾಗಿ ಹೊರಡುವ ಅರ್ಧ ಗಂಟೆ ಮುಂಚೆಯೇ ಬ್ಯಾಗನ್ನು ಎಸಿಯಿಂದ ಆಚೆ ಇಡಿ. ಲಾಡ್ಜಿನಲ್ಲಿ ಕೊಡುವ ಶವರ್ ಕ್ಯಾಪ್ ಬಿಸಾಡಬೇಡಿ, ಮಳೆಯಲ್ಲಿ ಓಡುವಾಗ ಕ್ಯಾಮೆರಾಗೆ ಅದಕ್ಕಿಂತ ಬೇಗ ಹಾಕುವ ಟೊಪ್ಪಿ ಇಲ್ಲ. ಕಡಲಿಂದ ಬಂದ ದಿನ ಒದ್ದೆ ಬಟ್ಟೆ ಹಿಂಡಿ ಹೊರಮೈ ಒರೆಸಿ, ಆಮೇಲೆ ಒಣ ಬಟ್ಟೆ. ನೇರ ಒಣ ಬಟ್ಟೆ ಹಾಕಿದರೆ ಉಪ್ಪಿನ ಹರಳು ಗೀರು ಹಾಕುತ್ತದೆ.

ಬೆಟ್ಟಕ್ಕೆ ಹೋಗುವಾಗ

ಆಫೀಸಿನ ಬ್ಯಾಗ್ ಹೊತ್ತು ಬೆಟ್ಟ ಹತ್ತಬೇಡಿ. ಕುಮಾರ ಪರ್ವತ 1712 ಮೀಟರ್, ಕುಕ್ಕೆಯಿಂದ ಹೊರಟರೆ ಗಿರಿಗದ್ದೆಯವರೆಗೆ ಕಾಡು, ಆಮೇಲೆ ನೆರಳಿಲ್ಲದ ಹುಲ್ಲುಗಾವಲು. ಎರಡು ದೊಡ್ಡ ಲೆನ್ಸ್ ಹೆಗಲಿಗೆ ಹಾಕಿಕೊಂಡವನು ಗಿರಿಗದ್ದೆಯಲ್ಲಿ ಚಾರಣಿಗರಿಗೆ ಊಟ ಹಾಕುವ ಭಟ್ಟರ ಮನೆಯ ಊಟದ ಹೊತ್ತಿಗೇ ಸುಸ್ತು. ಒಂದು ಬಾಡಿ, ಒಂದು ಅಗಲದ ಲೆನ್ಸ್, ಮೂರು ಬ್ಯಾಟರಿ. ನೀರು ಮಾತ್ರ ಜಾಸ್ತಿ ಇರಲಿ.

ಈಗ ಅರಣ್ಯ ಇಲಾಖೆಯ ಚಾರಣಗಳಿಗೆ 'ಅರಣ್ಯ ವಿಹಾರ' ವೆಬ್‌ಸೈಟ್‌ನಲ್ಲಿ ಮುಂಚೆಯೇ ಬುಕ್ ಮಾಡಬೇಕು, ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇದೆ. ಕಾಡ್ಗಿಚ್ಚಿನ ಕಾಲದಲ್ಲಿ, ಜೋರು ಮಳೆಯಲ್ಲಿ ದಾರಿ ಮುಚ್ಚುತ್ತಾರೆ. ಪ್ರೆಸ್ ಕಾರ್ಡ್ ತೋರಿಸಿ ಗೇಟ್ ದಾಟುವ ಅಭ್ಯಾಸ ಬೇಡ. ನಾಳೆ ಆನೆ ಊರಿಗೆ ಬಂದಾಗ ಅದೇ ಫಾರೆಸ್ಟ್ ಗಾರ್ಡ್ ನಿಮಗೆ ಫೋನ್ ಮಾಡಬೇಕಲ್ವಾ? ಡ್ರೋನ್ ಅಂತೂ ಅನುಮತಿ ಇಲ್ಲದೆ ಕಾಡಿನ ಮೇಲೆ ಹಾರಿಸಲೇಬೇಡಿ.

ಇಂಬಳಕ್ಕೆ ಉದ್ದ ಕಾಲುಚೀಲ, ಅದರ ಮೇಲೆ ಹೊಗೆಸೊಪ್ಪಿನ ಪುಡಿ ಅಥವಾ ಸುಣ್ಣ. ಕಚ್ಚಿದರೆ ಎಳೆದು ಕೀಳಬೇಡಿ, ಉಗುರಿನಿಂದ ಬದಿಗೆ ಸರಿಸಿ ಬಿಡಿಸಿ. ಹೊರಡುವ ಹಿಂದಿನ ರಾತ್ರಿಯೇ, 'ನಾಳೆ ಸಂಜೆವರೆಗೆ ನೆಟ್‌ವರ್ಕ್ ಇರುವುದಿಲ್ಲ' ಅಂತ ಡೆಸ್ಕಿಗೆ ಮೆಸೇಜ್ ಹಾಕಿ. ಬರೆದು ತಿಳಿಸಿದ್ದರೆ ಆಮೇಲೆ ಜಗಳ ಇಲ್ಲ.

ಕಾಡಿನಲ್ಲಿ ಹಕ್ಕಿಗೂಡಿನ ಫೋಟೊ ತೆಗೆಯುವ ಚಟ ಬೇಡ. ನೀವು ಕೊಂಬೆ ಸರಿಸಿ ತೆಗೆದು ಬಂದರೆ ಆ ದಾರಿಯಲ್ಲೇ ಕಾಗೆ ಬರುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಅಷ್ಟೇ ಕೆಟ್ಟದ್ದು. ಹಿಡಿದ ಕಾಳಿಂಗ ಸರ್ಪವನ್ನು ಕೈಯಲ್ಲೆತ್ತಿ ಪೋಸ್ ಕೊಡುವವರ ಚಿತ್ರ ನಾನು ಆಫೀಸಿಗೆ ಕಳಿಸುವುದಿಲ್ಲ. ಬೇರೆ ಪೇಪರಿನಲ್ಲಿ ಬಂದರೆ ಬರಲಿ.

ಪುಟಕ್ಕೆ ಕಳಿಸುವಾಗ

ನ್ಯೂಸ್‌ಪ್ರಿಂಟ್ ಶಾಯಿ ಹೀರುತ್ತದೆ. ಲ್ಯಾಪ್‌ಟಾಪಿನಲ್ಲಿ ಗಂಭೀರವಾಗಿ ಕಾಣುವ ಕಡು ಕಾಡು ಮುದ್ರಣದಲ್ಲಿ ಬರೀ ಕಪ್ಪು. ನೆರಳಿನ ಭಾಗವನ್ನು ಸ್ವಲ್ಪ ತಿಳಿ ಮಾಡಿ ಕಳಿಸಿ. ಕ್ಯಾಪ್ಷನ್‌ನಲ್ಲಿ ಊರು, ದಿನ, ಯಾರು ಏನು ಮಾಡುತ್ತಿದ್ದಾರೆ, ಇಷ್ಟು ಸಾಕು. 'ಪ್ರಕೃತಿಯ ರಮ್ಯ ನೋಟ' ಅಂತೆಲ್ಲ ಬರೆಯಬೇಡಿ. ಹಕ್ಕಿಯ ಹೆಸರು ಖಚಿತ ಇಲ್ಲದಿದ್ದರೆ ಗೊತ್ತಿರುವವರನ್ನು ಕೇಳಿ, ಮರುದಿನ ಓದುಗರ ಫೋನು ಬರುವುದು ಅಲ್ಲಿಂದಲೇ. ದೂರದ ತಾಲ್ಲೂಕುಗಳ ಆವೃತ್ತಿ ಮೊದಲು ಪ್ರಿಂಟಿಗೆ ಹೋಗುವುದರಿಂದ, ಆ ಊರಿನ ಚಿತ್ರವಾದರೆ ದಾರಿಯಿಂದಲೇ ಫೋನ್ ಮೂಲಕ ಒಂದಾದರೂ ಕಳಿಸಿಬಿಡಿ, ಉಳಿದದ್ದು ಆಮೇಲೆ.

ಕೊನೆಗೆ ಹಕ್ಕಿನ ವಿಷಯ. ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಪತ್ರಿಕೆಯ ನೌಕರ ಪ್ರಕಟಣೆಗಾಗಿ ತೆಗೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದ್ದು. ಉಳಿದ ಬಳಕೆಯ ಹಕ್ಕು ತೆಗೆದವನದ್ದು. ಆದರೆ ಒಪ್ಪಂದದಲ್ಲಿ ಬೇರೆ ಬರೆದಿದ್ದರೆ ಅದೇ ನಡೆಯುತ್ತದೆ. ನಾಳೆ ನಿಮ್ಮ ಕಂಬಳದ ಚಿತ್ರಗಳನ್ನು ಪುಸ್ತಕ ಮಾಡಬೇಕು, ಪ್ರದರ್ಶನ ಇಡಬೇಕು ಅನಿಸಿದರೆ ಲೆಕ್ಕಕ್ಕೆ ಬರುವುದು ಆ ಸಾಲುಗಳು. ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುಂಚೆ ಓದಿ, ಅರ್ಥ ಆಗದಿದ್ದರೆ ವಕೀಲರಿಗೆ ತೋರಿಸಿ. ರಜೆ ದಿನ ಸ್ವಂತ ಕ್ಯಾಮೆರಾದಲ್ಲಿ ತೆಗೆದದ್ದನ್ನು ಬೇರೆ ಹಾರ್ಡ್ ಡಿಸ್ಕಿನಲ್ಲಿ, ದಿನಾಂಕ ಹಾಕಿ ಇಟ್ಟುಕೊಳ್ಳಿ.