ಮಗಳ ಜಿಪ್ಸಿಗೆ ಟೈರ್, ಲಿಫ್ಟ್: ಚೈನ್‌ನಿಂದ ಶುರುವಾದ ಲೆಕ್ಕ

ಮಗಳು ಹಾಸನದಲ್ಲಿ ಓದುತ್ತಾಳೆ. ಶನಿವಾರ ಸಕಲೇಶಪುರದ ಹತ್ತಿರದ ನಮ್ಮ ತೋಟಕ್ಕೆ ಬರುತ್ತಾಳೆ. ಲೈಸೆನ್ಸ್ ಬಂದ ಮೇಲೆ ಅವಳಿಗೆ ಅಂತಲೇ ಒಂದು ಸೆಕೆಂಡ್ ಹ್ಯಾಂಡ್ ಮಾರುತಿ ಜಿಪ್ಸಿ ಕಿಂಗ್ ತೆಗೆದುಕೊಂಡೆವು. 1.3 ಲೀಟರ್ ಪೆಟ್ರೋಲ್, ಫೋರ್ ವೀಲ್ ಡ್ರೈವ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಅಂದರೆ ಉಕ್ಕಿನ ಪ್ಲೇಟುಗಳನ್ನು ಜೋಡಿಸಿದ ಸ್ಪ್ರಿಂಗ್. ತೂಕ ಒಂದು ಟನ್ನಿನ ಆಸುಪಾಸು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗಾಡಿ ನನಗಂತೂ ಗೊತ್ತಿಲ್ಲ. ಕೆಸರಲ್ಲಿ ಹೂತುಕೊಂಡರೂ ನಾಲ್ಕು ಜನ ಸೇರಿದರೆ ತಳ್ಳಬಹುದು.

ಗಾಡಿ ಬರುವ ಮೊದಲೇ ಅವಳ ಪಟ್ಟಿ ರೆಡಿ ಇತ್ತು. "ಅಪ್ಪ, 235 ಸೈಜಿನ ಎಂಟಿ ಟೈರ್, ಮೂರು ಇಂಚು ಲಿಫ್ಟ್. ಎಲ್ಲರೂ ಅದನ್ನೇ ಹಾಕಿಸ್ತಾರೆ." ಎಂಟಿ ಅಂದರೆ ಮಡ್ ಟೆರೇನ್, ಕೆಸರಿನ ಟೈರ್. ಲಿಫ್ಟ್ ಅಂದರೆ ಸ್ಪ್ರಿಂಗ್ ಎತ್ತರ ಮಾಡಿ ಗಾಡಿಯ ಬಾಡಿಯನ್ನು ಮೇಲೆತ್ತುವುದು.

"ಹಾಕಿಸಲಿ ಕಣೇ. ನೀನು ಓಡಿಸೋ ದಾರಿ ಯಾವುದು, ಅದನ್ನ ಹೇಳು ಮೊದಲು" ಅಂದೆ.

ದಾರಿ ಹೀಗಿದೆ. ಹಾಸನದಿಂದ ಸಕಲೇಶಪುರದವರೆಗೆ ಹೆದ್ದಾರಿ, ಸುಮಾರು 40 ಕಿಲೋಮೀಟರ್. ಆಮೇಲೆ ಊರೊಳಗಿನ ಡಾಂಬರು ರಸ್ತೆ. ಕೊನೆಗೆ ಗೇಟಿನಿಂದ ಮನೆತನಕ ಕೆಂಪು ಮಣ್ಣಿನ ಏರು. ಬೇಸಿಗೆಯಲ್ಲಿ ಆ ಏರನ್ನು ಯಾವ ಕಾರು ಬೇಕಾದರೂ ಹತ್ತುತ್ತದೆ. ಜೂನ್ ಬಂತು ಅಂದರೆ ಕಥೆಯೇ ಬೇರೆ. ಅಂದರೆ ಗಾಡಿಯ ಓಟದಲ್ಲಿ ಮುಕ್ಕಾಲಿಗಿಂತ ಜಾಸ್ತಿ ಡಾಂಬರಿನ ಮೇಲೆ, ಅದೂ ಮಳೆಯಲ್ಲಿ ನೆನೆದ ಡಾಂಬರು.

ಎಂಟಿ ಟೈರ್ ಬೇಡ ಅಂದದ್ದು ಇದಕ್ಕೇ. ಅದರ ಮೇಲೆ ಎದ್ದಿರುವ ರಬ್ಬರ್ ಉಬ್ಬುಗಳ ನಡುವೆ ದೊಡ್ಡ ಸಂದು ಇರುತ್ತದೆ, ಕೆಸರು ಮೆತ್ತಿದರೂ ಉದುರಿ ಹೋಗುತ್ತದೆ. ಕೆಸರಿಗೆ ಬಹಳ ಒಳ್ಳೆಯದು. ಆದರೆ ಅದೇ ಕಾರಣಕ್ಕೆ ರಸ್ತೆಗೆ ತಾಗುವ ರಬ್ಬರ್ ಕಡಿಮೆ. ನೀರನ್ನು ಸೀಳುವ ಸಣ್ಣ ಸಣ್ಣ ಕಟ್‌ಗಳೂ ಕಡಿಮೆ. ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಜಿಪ್ಸಿಗೆ ಇಲ್ಲ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಬರೀ 2375 ಮಿಲಿಮೀಟರ್. ಇಂಥ ಗಾಡಿಯಲ್ಲಿ ಮಳೆಗಾಲದ ತಿರುವಿನಲ್ಲಿ ಹೊಸ ಡ್ರೈವರ್ ಗಾಬರಿಯಿಂದ ಬ್ರೇಕ್ ತುಳಿದರೆ ಹಿಂಭಾಗ ಮುಂದಕ್ಕೆ ಬರಲು ನೋಡುತ್ತದೆ. ಶಿರಾಡಿ, ಚಾರ್ಮಾಡಿ ಕಡೆ ಓಡಿಸಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಹಾಗಾಗಿ ಎಟಿ, ಅಂದರೆ ಆಲ್ ಟೆರೇನ್ ಟೈರ್.

ಹಾಗಾದರೆ ಮನೆಯ ಏರು? ಎಟಿ ಟೈರಿನ ಸಂದುಗಳಲ್ಲಿ ನಮ್ಮ ಜಿಗುಟು ಮಣ್ಣು ಮೆತ್ತಿ, ಸ್ವಲ್ಪ ಹೊತ್ತಿಗೆ ಟೈರ್ ನುಣ್ಣಗಾಗುತ್ತದೆ. ಅದಕ್ಕೆ ಮಲೆನಾಡಿನ ಜೀಪಿನವರು ಯಾವತ್ತಿನಿಂದಲೂ ಮಾಡುವುದನ್ನೇ ಮಾಡಿದೆವು: ಟೈರಿಗೆ ಚೈನ್ ಕಟ್ಟುವುದು. ಗೇಟಿನ ಹತ್ತಿರ ನಿಲ್ಲಿಸಿ ಹಿಂದಿನ ಎರಡು ಚಕ್ರಕ್ಕೆ ಚೈನ್ ಹಾಕಿದರೆ ಯಾವ ಎಂಟಿ ಟೈರೂ ಅದರ ಸಮಕ್ಕೆ ಬರುವುದಿಲ್ಲ. ವಾಪಸ್ ಬಂದು ಡಾಂಬರು ಸಿಕ್ಕಿದ ಕೂಡಲೇ ಬಿಚ್ಚಬೇಕು, ಅಷ್ಟೇ. ಕೈ ಕೆಸರಾಗುತ್ತದೆ, ಬೇಜಾರಿನ ಕೆಲಸ, ನಿಜ.

ಚೈನ್ ಕಟ್ಟುವುದು ಅಂತ ಆದ ಮೇಲೆ ಟೈರ್ ಸೈಜ್ ತಾನಾಗಿಯೇ ನಿರ್ಧಾರ ಆಯಿತು. ಚೈನ್‌ಗೆ ಟೈರಿನ ಸುತ್ತ ಜಾಗ ಬೇಕು. ಟೈರ್ ದೊಡ್ಡದಾದಷ್ಟೂ ಚೈನ್ ಹೋಗಿ ಮಡ್‌ಗಾರ್ಡಿಗೆ, ಸ್ಪ್ರಿಂಗಿಗೆ, ಬ್ರೇಕ್ ಹೋಸ್‌ಗೆ ಉಜ್ಜುತ್ತದೆ.

ಪೇಪರಿನಲ್ಲಿ ಲೆಕ್ಕ ಹಾಕಿದೆ. ಕಂಪನಿ ಸೈಜ್ 205/70 ಆರ್15. 205 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ; ಅದರ 70 ಶೇಕಡಾ ಟೈರಿನ ಪಕ್ಕದ ಎತ್ತರ. ಅದು ಮೇಲೆ, ಕೆಳಗೆ ಎರಡು ಸಲ, ಜೊತೆಗೆ 15 ಇಂಚಿನ ರಿಮ್: ಒಟ್ಟು ಎತ್ತರ 668 ಮಿಲಿಮೀಟರ್. 235/75 ಆರ್15 ಹಾಕಿದರೆ 733. ಹತ್ತಿರ ಹತ್ತು ಶೇಕಡಾ ಜಾಸ್ತಿ. ಮೀಟರ್ 50 ತೋರಿಸುವಾಗ ಗಾಡಿ 55ರಲ್ಲಿ ಇರುತ್ತದೆ. ಗೇರ್‌ಗಳೂ ಅಷ್ಟೇ ಉದ್ದ ಆಗುತ್ತವೆ, ಅಂದರೆ ಎಳೆತ ಕಡಿಮೆ ಆಗುತ್ತದೆ. ಈ ಎಂಜಿನ್‌ಗೆ ಕೆಳಗಿನ ಆರ್‌ಪಿಎಂನಲ್ಲಿ ಮೊದಲೇ ಶಕ್ತಿ ಕಡಿಮೆ, ಏರಿನಲ್ಲಿ ಸೆಕೆಂಡ್ ಗೇರ್ ಎಳೆಯುವುದೇ ಇಲ್ಲ. ಮೇಲೆ ಅಗಲದ ರಿಮ್ ಬೇರೆ ಬೇಕು.

ನಡುವಿನದು 215/75 ಆರ್15. ಎತ್ತರ 703 ಮಿಲಿಮೀಟರ್. ಮೀಟರಿನಲ್ಲಿ ಐದು ಶೇಕಡಾ ವ್ಯತ್ಯಾಸ, ಹಳೆಯ ರಿಮ್ಮೇ ಸಾಕು. ಇನ್ನೂ ಒಂದು ಲಾಭ ಇದೆ. ಇದು ಬೊಲೆರೊ ಸೈಜ್. ನಮ್ಮ ಕಡೆ ಬೊಲೆರೊ ಇಲ್ಲದ ಊರಿದೆಯಾ? ಯಾವ ಟೈರ್ ಅಂಗಡಿಯಲ್ಲೂ ಸಿಗುತ್ತದೆ. ದೂರದಲ್ಲಿ ಟೈರ್ ಹರಿದರೆ ಇದೇ ಮುಖ್ಯ.

ಸ್ಟೆಪ್ನಿಗೂ ಸೇರಿಸಿ ಐದು ಟೈರ್ ತಂದೆವು, ನಾಲ್ಕಲ್ಲ. ಜಿಪ್ಸಿಯ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ, ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇಲ್ಲ. ಒಂದು ಚಕ್ರದ ಸೈಜ್ ಬೇರೆ ಆದರೆ ಫೋರ್ ವೀಲ್ ಹಾಕಿದಾಗ ಗೇರ್‌ಗಳ ಮೇಲೆ ಒತ್ತಡ ಬೀಳುತ್ತದೆ. ತರುವಾಗ ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂತಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಒಂದು ಅಂಗಡಿಯವರು ಹೊಸದು ಅಂತ ತೋರಿಸಿದ್ದು ಎಷ್ಟೋ ವರ್ಷ ಹಳೆಯದಾಗಿತ್ತು. ಸುಮ್ನೆ ಎದ್ದು ಬಂದೆವು.

ಇನ್ನು ಲಿಫ್ಟ್. ಮಗಳ ಜೊತೆ ನಿಜವಾದ ಜಗಳ ಆದದ್ದು ಇಲ್ಲಿ. ನಮ್ಮ ದಾರಿಯಲ್ಲಿ ಚಕ್ರದ ಎರಡು ಗಾಡಿಜಾಡು, ನಡುವೆ ದಿಬ್ಬ. ಆ ದಿಬ್ಬಕ್ಕೆ ತಾಗುವುದು ಒಂದೊಂದು ಆಕ್ಸಲ್‌ನ ನಡುವೆಯೂ ಇರುವ ಡಿಫರೆನ್ಷಿಯಲ್ ಗುಂಡು. ಸ್ಪ್ರಿಂಗ್ ಎತ್ತರ ಮಾಡಿದರೆ ಬಾಡಿ ಮೇಲೆ ಹೋಗುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಗುಂಡನ್ನು ಎತ್ತುವುದು ಟೈರ್ ಒಂದೇ, ಅದೂ ಹೆಚ್ಚಾದ ಎತ್ತರದ ಅರ್ಧದಷ್ಟು. 215ರಿಂದ ನಮಗೆ ಸಿಕ್ಕಿದ್ದು ಸುಮಾರು 18 ಮಿಲಿಮೀಟರ್. ಮೂರು ಇಂಚು ಲಿಫ್ಟ್ ಮಾಡಿಸಿದ್ದರೂ ಆ ದಿಬ್ಬದ ಮಟ್ಟಿಗೆ ಸೊನ್ನೆ. ಬದಲಿಗೆ ಭಾರ ಮೇಲೆ ಹೋಗಿ, ಪಕ್ಕಕ್ಕೆ ವಾಲಿದ ಜಾಗದಲ್ಲಿ ಗಾಡಿ ಬೇಗ ಮಗುಚುತ್ತದೆ. ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟ್‌ನ ಕೋನ ಕೆಡುತ್ತದೆ, ಬ್ರೇಕ್ ಹೋಸ್ ಗಿಡ್ಡ ಆಗುತ್ತದೆ, ಸ್ಟೀರಿಂಗ್ ಅಲೆದಾಡುತ್ತದೆ.

ಕಾನೂನೂ ಇದೆ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸಬಾರದು ಅನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಟೈರ್ ಸೈಜ್ ಬದಲಾದದ್ದನ್ನು ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿದೆ. ನಾಳೆ ಕ್ಲೇಮ್ ಅಂತ ಬಂದಾಗ ತಕರಾರು ಬೇಡ ಅಲ್ವಾ.

ಆದರೂ ಗಾಡಿ ತಗ್ಗಾಗಿದೆ ಅಂತ ಅವಳು ಹೇಳಿದ್ದು ಸುಳ್ಳಲ್ಲ. ಟೇಪ್ ಹಿಡಿದು ಅಳೆದೆವು. ನೆಲದಿಂದ ಅಲ್ಲ, ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗೆ. ಹೀಗೆ ಅಳೆದರೆ ಟೈರಿನ ಗಾತ್ರ, ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ಹಿಂದಿನ ಬಲಗಡೆ ಎಡಕ್ಕಿಂತ ಎರಡು ಸೆಂಟಿಮೀಟರ್ ಕೆಳಗಿತ್ತು. ಹಿಂದಿನ ಓನರ್ ಗೊಬ್ಬರದ ಮೂಟೆ ಹೇರಿ ಹೇರಿ ಪ್ಲೇಟುಗಳು ಚಪ್ಪಟೆಯಾಗಿದ್ದವು. ಕಂಪನಿ ಅಳತೆಯ ಹೊಸ ಪ್ಲೇಟ್ ಸೆಟ್, ಬುಶ್, ಶ್ಯಾಕಲ್ ಪಿನ್, ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಗಾಡಿ ತನ್ನ ಅಸಲಿ ಎತ್ತರಕ್ಕೆ ಬಂತು. ಲಿಫ್ಟ್ ಕಿಟ್ ತರುವ ಮೊದಲು ಹಳೆಯ ಗಾಡಿಯವರು ಇದನ್ನು ನೋಡಲೇಬೇಕು.

ಕೊನೆಯ ಪರೀಕ್ಷೆ ಕಾಫಿ ಕಣದಲ್ಲಿ. ಚೈನ್ ಕಟ್ಟಿ, ಒಂದು ಹಿಂದಿನ ಚಕ್ರವನ್ನು ಕಲ್ಲಿನ ಮೇಲೆ ಹತ್ತಿಸಿ, ನಿಧಾನ ಉರುಳಿಸಿದೆವು. ಅವಳು ಸ್ಟೀರಿಂಗ್‌ನಲ್ಲಿ, ನಾನು ಪಕ್ಕದಲ್ಲಿ ಬಗ್ಗಿ ಟಾರ್ಚ್ ಹಿಡಿದುಕೊಂಡು. ಆಮೇಲೆ ಮುಂದಿನ ಚಕ್ರ ಹತ್ತಿಸಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆವು. ಎಲ್ಲೂ ತಾಗಲಿಲ್ಲ. "235 ಆಗಿದ್ರೆ?" ಅಂದಳು. ಕಲ್ಲಿನ ಮೇಲಿದ್ದ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಅವಳದೇ ಕೈ ಇಟ್ಟು ನೋಡು ಅಂದೆ. ಮತ್ತೆ ಆ ಮಾತು ಎತ್ತಲಿಲ್ಲ.

ಹೊಸ ಸ್ಪ್ರಿಂಗ್ ಹಾಕಿಸಿದವರು ಒಂದಿಷ್ಟು ದಿನ ಓಡಿಸಿದ ಮೇಲೆ, ಸ್ಪ್ರಿಂಗನ್ನು ಆಕ್ಸಲ್‌ಗೆ ಹಿಡಿದಿಡುವ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಿ. ಪ್ಲೇಟುಗಳು ಕೂತುಕೊಂಡಾಗ ಅವು ಸಡಿಲ ಆಗುತ್ತವೆ. ಈ ಕೆಲಸ ಈಗ ಅವಳೇ ಮಾಡುತ್ತಾಳೆ, ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್ ಮಾತ್ರ ಇನ್ನೂ ಗ್ಯಾರೇಜಿನಿಂದ ಕೇಳಿ ತರಬೇಕು.