ನಾನೇ ನಟ, ನಾನೇ ನಿರ್ದೇಶಕ: ಸೆಟ್ಟಿನಲ್ಲಿ ನಡೆಸುವ ಕ್ರಮ

ಉಡುಪಿಯ ರಕ್ಷಿತ್ ಶೆಟ್ಟಿ 2014ರ ‘ಉಳಿದವರು ಕಂಡಂತೆ’ಯಲ್ಲಿ, ಕೆರಾಡಿಯ ರಿಷಬ್ ಶೆಟ್ಟಿ 2022ರ ‘ಕಾಂತಾರ’ದಲ್ಲಿ ನಟನೆ, ನಿರ್ದೇಶನ ಎರಡನ್ನೂ ಹೊತ್ತರು. ನಮ್ಮ ಕರಾವಳಿಯ ನಾಟಕ ತಂಡಗಳಿಂದ ಬಂದವರೂ ಈ ದಾರಿ ಹಿಡಿಯುವುದುಂಟು. ಹಾಗೆ ಹೊರಟ ನಟ ಮೊದಲು ಬಿಡಬೇಕಾದದ್ದು ತನ್ನ ನಟನೆಯನ್ನು ತಾನೇ ಅಳೆಯುವ ಕೆಲಸ. ಒಳಗೆ ಅನ್ನಿಸಿದ್ದೆಲ್ಲ ಪರದೆಗೆ ಬಂದಿರುತ್ತದೆ ಎಂದೇನಿಲ್ಲ.

ನಾನಿರುವ ದೃಶ್ಯಗಳಲ್ಲಿ ‘ಆ್ಯಕ್ಷನ್’, ‘ಕಟ್’ ಎರಡನ್ನೂ ಹೇಳುವುದು ಅಸೋಸಿಯೇಟ್, ಅಂದರೆ ಸಹನಿರ್ದೇಶಕರು. ಚಿತ್ರಕಥೆ ಬರೆಯುವಾಗಲೇ ಅವರು ಜೊತೆಗಿರಬೇಕು. ದೃಶ್ಯದಲ್ಲಿ ನನ್ನ ಪಾತ್ರ ಯಾವ ಮನಸ್ಥಿತಿಯಿಂದ ಯಾವುದಕ್ಕೆ ಹೊರಳಬೇಕು ಎಂದು ಎರಡು ಸಾಲು ಬರೆದು ಅವರ ಕೈಗೆ ಕೊಡುತ್ತೇನೆ. ಟೇಕ್ ಮುಗಿದಾಗ ಅವರು ಹೇಳಬೇಕಾದದ್ದು ಆ ಎರಡು ಸಾಲು ಬಂತೋ ಇಲ್ಲವೋ ಎಂದಷ್ಟೇ. ಪ್ರತಿ ಟೇಕಿಗೂ ‘ಸೂಪರ್ ಸರ್’ ಎನ್ನುವವರನ್ನು ಮಾನಿಟರ್ ಮುಂದೆ ಕೂರಿಸಬೇಡಿ. ಟೇಕುಗಳನ್ನೆಲ್ಲ ತಿರುಗಿ ನೋಡುತ್ತ ಕೂತರೆ ಅರ್ಧ ದಿನ ಅಲ್ಲೇ ಹೋಗುತ್ತದೆ; ಅಸೋಸಿಯೇಟ್ ಆರಿಸಿದ ಒಂದನ್ನು ಮಾತ್ರ ನೋಡುತ್ತೇನೆ, ಮೊದಲು ಶಬ್ದವಿಲ್ಲದೆ ಮೈಯ ಚಲನೆಗೆ, ಆಮೇಲೆ ಹೆಡ್‌ಫೋನ್ ಹಾಕಿ ಮಾತಿಗೆ.

ಫ್ರೇಮ್ ನಿಗದಿ ಮಾಡುವಾಗ ನನ್ನ ಜಾಗದಲ್ಲಿ ನಿಲ್ಲಲು ನನ್ನಷ್ಟೇ ಎತ್ತರದ, ಅದೇ ಮೈಬಣ್ಣದ ಒಬ್ಬರು ಬೇಕು. ಅಂಗಿಯ ಬಣ್ಣವೂ ಒಂದೇ ಇರಲಿ, ಬಿಳಿ ಅಂಗಿಗೆ ಹೊಂದಿಸಿದ ಲೈಟು ಕಪ್ಪು ಅಂಗಿಗೆ ಸಲ್ಲದು. ಅವರು ನಡೆದಾಡುವುದನ್ನು ಮಾನಿಟರಿನಲ್ಲಿ ನೋಡಿ, ನಿಲ್ಲಬೇಕಾದ ಜಾಗಕ್ಕೆ ಮಾರ್ಕ್ ಹಾಕಿಸಿ, ಆಮೇಲೆ ನಾನು ಒಳಗೆ ಹೋಗುವುದು. ಹಳೇ ಮನೆಯ ಕಾವಿ ನೆಲಕ್ಕೆ ಟೇಪ್ ಸಾಕು. ಮಲ್ಪೆಯ ಮರಳಲ್ಲಿ ಟೇಪ್ ನಿಲ್ಲುವುದಿಲ್ಲ. ಫ್ರೇಮಿನ ಅಂಚಿನಿಂದಾಚೆ ತೆಂಗಿನ ಕಡ್ಡಿ ನೆಡಬೇಕು. ಮರಳಿನ ದೊಡ್ಡ ತಾಪತ್ರಯ ಹೆಜ್ಜೆ ಗುರುತು. ಶೂಟಿಂಗ್ ಜಾಗದಲ್ಲೇ ರಿಹರ್ಸಲ್ ಮಾಡಿದರೆ, ಪಾತ್ರ ಇನ್ನೂ ಕಾಲಿಡದ ಮರಳೆಲ್ಲ ತುಳಿದಿರುತ್ತದೆ. ಹತ್ತಡಿ ಪಕ್ಕದಲ್ಲಿ ರಿಹರ್ಸಲ್ ಮುಗಿಸಿ ಟೇಕಿಗಷ್ಟೇ ಅಸಲಿ ಜಾಗಕ್ಕೆ ಬರುವುದು. ಎರಡನೇ ಟೇಕಿಗೆ ಒಣ ಮರಳಾದರೆ ಹಲಗೆ ಎಳೆದು ಸಮ ಮಾಡಬಹುದು, ಒದ್ದೆ ಮರಳಾದರೆ ಇಡೀ ಫ್ರೇಮನ್ನೇ ಸರಿಸುವುದು ಲೇಸು.

ಶಾಟುಗಳಲ್ಲಿ ಇಡೀ ಜಾಗ ಕಾಣುವ ವೈಡ್ ಮೊದಲು, ಎದುರಿನವರ ಕ್ಲೋಸಪ್ ಆಮೇಲೆ, ನನ್ನದು ಕೊನೆಗೆ. ಕಡಲ ಮೇಲೆ ಸೂರ್ಯ ಇಳಿಯುವ ಹೊತ್ತಿನ ಒಳ್ಳೆಯ ಬೆಳಕು ಅರ್ಧ ಗಂಟೆ ಸಿಕ್ಕಿದರೆ ಹೆಚ್ಚು. ಅದನ್ನು ಬೇರೆಯವರಿಗೆ ಕೊಡುತ್ತೇನೆ; ನನ್ನ ಮುಖವನ್ನು ಮರುದಿನ ಸಂಜೆ ಅದೇ ಹೊತ್ತಿಗೆ ಒಂದು ಗೋಡೆಗೆ ನಿಲ್ಲಿಸಿಯೂ ತೆಗೆಯಬಹುದು. ಎದುರಿನವರ ಶಾಟಿನಲ್ಲಿ ನನ್ನ ಹೆಗಲು ಮಾತ್ರ ಕಾಣುವಾಗ ಅವರನ್ನು ಪರೀಕ್ಷಕನಂತೆ ನೋಡಬಾರದು. ಆ ನೋಟ ಅವರಿಗೆ ತಕ್ಷಣ ತಿಳಿಯುತ್ತದೆ. ಆಮೇಲೆ ಅವರು ಮಾತಾಡುವುದು ಪಾತ್ರದ ಜೊತೆಗಲ್ಲ, ನಿರ್ದೇಶಕನ ಜೊತೆ.

ರಂಗದಿಂದ ಬಂದವರಿಗೆ ಕೊನೆಯ ಸಾಲಿಗೆ ಮುಟ್ಟುವ ದನಿ ರೂಢಿ. ‘ಮೆಲ್ಲ ಹೇಳಿ’ ಎಂದರೆ ದನಿಯ ಜೊತೆ ಹುರುಪೂ ಇಳಿದುಬಿಡುತ್ತದೆ. ‘ಒಳಗೆ ಮಗು ಮಲಗಿದೆ’ ಎಂದು ಕಾರಣ ಕೊಟ್ಟರೆ ದನಿ ಮಾತ್ರ ಇಳಿಯುತ್ತದೆ. ಸಿಂಕ್ ಸೌಂಡ್, ಅಂದರೆ ಸೆಟ್ಟಿನಲ್ಲೇ ಮಾತು ರೆಕಾರ್ಡ್ ಮಾಡುವುದಾದರೆ 48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಏರು ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ, ಬೂಮ್ (ಉದ್ದ ಕೋಲಿನ ತುದಿಯ ಮೈಕ್) ಮತ್ತು ಕಾಲರ್ ಮೈಕ್ ಎರಡೂ ಬೇಕು. ಕಡಲ ತೀರದಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಗುವುದರಿಂದ ಮಾತಿನ ದೃಶ್ಯ ಬೆಳಿಗ್ಗೆಯೇ ಮುಗಿಯಬೇಕು. ಅಲೆಯ ಸದ್ದು ಟೇಕಿನಿಂದ ಟೇಕಿಗೆ ಬೇರೆ, ಜೋಡಿಸಿದಲ್ಲೆಲ್ಲ ಜಿಗಿಯುತ್ತದೆ. ಅದೇ ಜಾಗದಲ್ಲಿ ಎರಡು ನಿಮಿಷ ಬರೀ ಅಲೆ ರೆಕಾರ್ಡ್ ಮಾಡಿಟ್ಟು ಅಡಿಗೆ ಹಾಸಿದರೆ ಬೆಸುಗೆ ಕೇಳಿಸುವುದಿಲ್ಲ.

ಸೆಖೆಯಲ್ಲಿ ಒಂದೇ ಅಂಗಿ ಮೂರು ಪ್ರತಿ ಇಟ್ಟುಕೊಳ್ಳಿ, ಬೆವರಿನ ಕಲೆ ಕಂಟಿನ್ಯುಟಿ, ಅಂದರೆ ಒಂದು ಶಾಟಿಗೂ ಇನ್ನೊಂದಕ್ಕೂ ಇರಬೇಕಾದ ಹೊಂದಿಕೆ, ಕೆಡಿಸುತ್ತದೆ. ಎಸಿ ಕೋಣೆಯಿಂದ ತಂದ ಲೆನ್ಸಿಗೆ ಮಂಜು ಕೂರುತ್ತದೆ. ಕ್ಯಾಮೆರಾ ಅರ್ಧ ಗಂಟೆ ಮೊದಲೇ, ಬ್ಯಾಗ್ ತೆರೆಯದೆ, ಹೊರಗಿರಲಿ. ಟ್ಯೂಬ್‌ಲೈಟ್ ಇರುವ ಅಂಗಡಿಯೊಳಗೆ ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆಯುವಾಗ ಶಟರ್ 172.8 ಡಿಗ್ರಿ, ಅಂದರೆ ಸೆಕೆಂಡಿನ 1/50. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಬೆಳಕು ಆಗ ಮಿನುಗುವುದಿಲ್ಲ.

ದಿನ ಗೊತ್ತುಮಾಡುವಾಗ ಬೆಂಗಳೂರಿನ ಲೆಕ್ಕ ಇಲ್ಲಿ ನಡೆಯದು. ಡಿಸೆಂಬರಿನಿಂದ ಫೆಬ್ರವರಿವರೆಗೆ ಆಕಾಶ ಶುಭ್ರ, ಆದರೆ ಯಕ್ಷಗಾನ ಕಲಾವಿದರು ಮೇಳದಲ್ಲಿರುತ್ತಾರೆ. ರಾತ್ರಿಯಿಡೀ ವೇಷ ಕಟ್ಟಿದವರಿಗೆ ಬೆಳಿಗ್ಗೆ ಏಳಕ್ಕೆ ಕಾಲ್‌ಶೀಟ್ ಕೊಡುವುದು ಅನ್ಯಾಯ, ಕ್ಯಾಮೆರಾದಲ್ಲಿ ಕಣ್ಣೂ ಹೇಳುತ್ತದೆ. ಅವರನ್ನು ಮಧ್ಯಾಹ್ನದ ಮೇಲೆ ಕರೆಯುವುದು. ಪತ್ತನಾಜೆಗೆ, ಅಂದರೆ ಮೇ 24ರ ಸುಮಾರಿಗೆ, ಮೇಳದ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ ಅವರೇನೋ ಸಿಗುತ್ತಾರೆ, ಮಳೆಯೂ ಬೆನ್ನಿಗೇ ಬರುತ್ತದೆ. ಬಂದರಿನ ಧಕ್ಕೆಯಲ್ಲಿ (ಬೋಟು ಕಟ್ಟುವ ಕಟ್ಟೆಯಲ್ಲಿ) ಬೋಟುಗಳು ಸಾಲಾಗಿ ನಿಂತಿರಬೇಕಾದರೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ 61 ದಿನಗಳೇ ಗತಿ. ಅದು ಮಳೆಗಾಲ, ಕ್ಯಾಮೆರಾಕ್ಕೆ ಟಾರ್ಪಾಲು ಕಟ್ಟಿಯೇ ತೆಗೆಯಬೇಕು.

ನನ್ನ ದೃಶ್ಯಗಳ ಮೊದಲ ಜೋಡಣೆಯನ್ನು ಎಡಿಟರ್ ಒಬ್ಬರೇ ಮಾಡುತ್ತಾರೆ. ಟೇಕ್ ಪಟ್ಟಿಯಲ್ಲಿ ಅಸೋಸಿಯೇಟ್ ಹಾಕಿದ ಗುರುತು ಮಾತ್ರ ಇರುತ್ತದೆ, ನನ್ನದಿಲ್ಲ. ಬದಲಾವಣೆ ಬೇಕೆನಿಸಿದರೆ ಕಾರಣ ಬರೆದುಕೊಡುತ್ತೇನೆ. ಉದ್ದ ಇಳಿಸುವಾಗ ಮೊದಲು ಕೈಹಾಕುವುದು ನನ್ನ ಕ್ಲೋಸಪ್ಪುಗಳಿಗೆ; ಎದುರಿನವರು ಕೇಳಿಸಿಕೊಳ್ಳುತ್ತಿರುವ ಶಾಟಿನ ಮೇಲೆ ನನ್ನ ಮಾತು ಹಾಸಿದರೆ ಹೆಚ್ಚಿನ ಕಡೆ ದೃಶ್ಯ ನಡೆದುಹೋಗುತ್ತದೆ.