ಟ್ಯೂಬೋ, ಟ್ಯೂಬ್‌ಲೆಸ್ಸೋ? ದರ ಕೇಳುವ ಮುಂಚೆ ಡಿಸ್ಕ್ ನೋಡಿ

ಕಬ್ಬಿನ ಹಂಗಾಮು ಹತ್ತಿರ ಬಂದಂತೆ ಮುಧೋಳ, ಜಮಖಂಡಿ, ಗೋಕಾಕ ಕಡೆಯ ವ್ಯಾಪಾರಿಗಳು ಲಾರಿ ಟಯರ್ ಮಾಲು ತುಂಬಿಸತೊಡಗುತ್ತಾರೆ. ಐವತ್ತು, ನೂರು ಟಯರ್ ಒಮ್ಮೆಲೇ ಎತ್ತುವವರ ಬಾಯಲ್ಲಿ ಮೊದಲು ಬರುವುದು ದರದ ಮಾತು. ಆದರೆ ಗಿರಾಕಿಗಳ ಲಾರಿಗೆ ಯಾವ ಡಿಸ್ಕ್ (ಟಯರ್ ಕೂರುವ ಲೋಹದ ಚಕ್ರ) ಇದೆ ಎಂಬುದು ಗೊತ್ತಿಲ್ಲದೆ ಎತ್ತಿದ ಮಾಲು ಗೋದಾಮಿನಲ್ಲೇ ಮುದಿಯಾಗುತ್ತದೆ.

ಟಯರ್ ಮೇಲಿನ ಅಳತೆಯ ಕೊನೆಯ ಅಂಕಿ ನೋಡಿ. 16 ಅಥವಾ 20 ಇದ್ದರೆ ಸಾಮಾನ್ಯವಾಗಿ ಟ್ಯೂಬಿನದು, 17.5, 22.5 ಎಂದು ‘ಪಾಯಿಂಟ್ ಐದು’ ಬಂದರೆ ಟ್ಯೂಬ್‌ಲೆಸ್. ಟ್ಯೂಬಿನ ದೊಡ್ಡ ಡಿಸ್ಕಿಗೆ ಬಿಚ್ಚಿ ಹಾಕುವ ಲಾಕ್ ರಿಂಗ್ ಇರುತ್ತದೆ. ಟ್ಯೂಬ್‌ಲೆಸ್ ಡಿಸ್ಕ್ ಒಂದೇ ತುಂಡು, ಬೀಡ್ (ಟಯರಿನ ಒಳ ಅಂಚು) ಕೂರುವ ಜಾಗ 15 ಡಿಗ್ರಿ ಓರೆ. ಒಂದರ ಟಯರ್ ಇನ್ನೊಂದಕ್ಕೆ ಕೂರುವುದಿಲ್ಲ, ಕೂರಿಸಲು ಹೋಗಲೂಬಾರದು.

ಟ್ಯೂಬಿನ 9.00R20 ಬಿಟ್ಟು ಟ್ಯೂಬ್‌ಲೆಸ್‌ಗೆ ಹೋಗುವವರಿಗೆ 10R22.5, 10.00R20 ಬಿಟ್ಟವರಿಗೆ 11R22.5 ಅಥವಾ 295/80R22.5 ಹೊಂದುತ್ತದೆ. ಆದರೆ ಹತ್ತು ಗಾಲಿಯ ಲಾರಿ ಪೂರ್ತಿ ಬದಲಾಗಬೇಕೆಂದರೆ ಸ್ಟೆಪ್ನಿ ಸೇರಿ ಹನ್ನೊಂದು ಡಿಸ್ಕ್ ಬೇಕು. ‘ಮುಂದಿನ ಎರಡಷ್ಟೇ ಟ್ಯೂಬ್‌ಲೆಸ್ ಹಾಕಿಸೋಣ’ ಎನ್ನುವವರು ಎರಡು ಬಗೆಯ ಸ್ಟೆಪ್ನಿ ಹೊತ್ತು ತಿರುಗಬೇಕಾಗುತ್ತದೆ. ಜೋಡಿ ಗಾಲಿಯಲ್ಲಂತೂ ಒಂದು ಇದು, ಒಂದು ಅದು ಬೇಡ. ಸ್ವಲ್ಪ ಎತ್ತರದ ಟಯರೇ ಹೆಚ್ಚು ಭಾರ ಹೊತ್ತು ಬೇಗ ಕಾಯುತ್ತದೆ.

ಅಳತೆ ಸರಿಯಾದ ಮೇಲೆ ಭಾರದ ಅಂಕಿ ಓದಿ. 146/143 ಎಂದಿದ್ದರೆ ಒಂಟಿ ಗಾಲಿಗೆ 3000 ಕೆ.ಜಿ., ಜೋಡಿಯಲ್ಲಿ ತಲಾ 2725 ಕೆ.ಜಿ. ಅದೇ 152/148 ಇದ್ದರೆ 3550 ಮತ್ತು 3150. ಅಳತೆ ಒಂದೇ ಇದ್ದರೂ ಪ್ಲೈ (ಟಯರಿನ ಪದರಗಳ ಬಲದ ಅಂಕಿ) ಬದಲಾದರೆ ಈ ಅಂಕಿಯೂ ಬದಲಾಗುತ್ತದೆ. ಅಗ್ಗದ ಕೊಟೇಶನ್ನಿನ ಗುಟ್ಟು ಎಷ್ಟೋ ಸಲ ಇಲ್ಲೇ ಅಡಗಿರುತ್ತದೆ.

ಇನ್ನು ದಾರಿ. ಬೆಳಗಾವಿಯಿಂದ ಪುಣೆ, ಬೆಂಗಳೂರಿಗೆ 48ನೇ ಹೆದ್ದಾರಿಯಲ್ಲಿ, ವಿಜಯಪುರದಿಂದ ಸೊಲ್ಲಾಪುರಕ್ಕೆ 52ರಲ್ಲಿ ಓಡುವ ಲಾರಿಗಳಿಗೆ ಟ್ಯೂಬ್‌ಲೆಸ್ಸೇ ಮೇಲು. ಟ್ಯೂಬ್ ಟಯರಿನೊಳಗೆ ತಿಕ್ಕಾಡಿ ಹುಟ್ಟುವ ಕಾವು ಇದರಲ್ಲಿಲ್ಲ. ವಿಜಯಪುರದ ಏಪ್ರಿಲ್, ಮೇ ಬಿಸಿಲಲ್ಲಿ ಇದು ಸಣ್ಣ ಮಾತಲ್ಲ. ಮೊಳೆ ಹೊಕ್ಕರೂ ಒಳಪದರ ಅದನ್ನು ಕಚ್ಚಿ ಹಿಡಿಯುವುದರಿಂದ ಹವಾ ನಿಧಾನಕ್ಕೆ ಇಳಿಯುತ್ತದೆ. ಅಪಾಯವೂ ಅಲ್ಲೇ ಇದೆ. ಜೋಡಿಯ ಒಳಗಾಲಿಯಲ್ಲಿ ಹವಾ ಇಳಿದದ್ದು ಚಾಲಕನಿಗೆ ತಿಳಿಯದೆ ನೂರಾರು ಕಿಲೋಮೀಟರ್ ಓಡಿದರೆ ಪಕ್ಕದ ಗೋಡೆಯ ತಂತಿ ಮುರಿದು, ಮತ್ತೆ ಹವಾ ತುಂಬುವಾಗ ಸಿಡಿಯಬಹುದು. ರಾಡ್ ಬಡಿದು ಸದ್ದು ಕೇಳುವ ಪರೀಕ್ಷೆ ಸಾಲದು, ಗೇಜ್ ಹಚ್ಚಬೇಕು.

ಕಬ್ಬಿನ ಹೊಲದ ಗಾಡಿದಾರಿ, ಇಳಕಲ್ ಸುತ್ತಿನ ಗ್ರಾನೈಟ್ ಕ್ವಾರಿಗಳ ಲೆಕ್ಕ ಬೇರೆ. ಕಲ್ಲು ಬಡಿದು ಡಿಸ್ಕಿನ ಅಂಚು ಮಣಿದರೆ ಟ್ಯೂಬ್‌ಲೆಸ್ ಅಲ್ಲೇ ಹವಾ ಬಿಡುತ್ತದೆ. ಟ್ಯೂಬಿನದು ಹೇಗೋ ಮನೆ ಮುಟ್ಟಿಸುತ್ತದೆ. ಬಿಟ್ಟ ಬೀಡನ್ನು ಮತ್ತೆ ಕೂರಿಸಲು ದೊಡ್ಡ ಟ್ಯಾಂಕಿನ ಹವಾ ಒಮ್ಮೆಲೇ ನುಗ್ಗಬೇಕು. ಊರ ಪಂಕ್ಚರ್ ಅಂಗಡಿಯ ಸಣ್ಣ ಕಂಪ್ರೆಸರ್‌ನಿಂದ ಅದು ಆಗುವ ಕೆಲಸವಲ್ಲ. ಇಂಥ ಕಡೆ ಟ್ಯೂಬ್ ಟಯರ್, ಅದರಲ್ಲೂ ದಪ್ಪ ಗೋಡೆಯ ನೈಲಾನ್ ಎಳೆಯದು, ಇನ್ನೂ ನಡೆಯುತ್ತದೆ.

ಟ್ಯೂಬ್ ಟಯರಿನ ದರ ಕೇಳುವಾಗ ಟಯರ್, ಟ್ಯೂಬ್, ಫ್ಲ್ಯಾಪ್ (ಟ್ಯೂಬ್ ಡಿಸ್ಕಿಗೆ ತಿಕ್ಕದಂತೆ ನಡುವೆ ಇಡುವ ರಬ್ಬರ್ ಪಟ್ಟಿ) ಮೂರೂ ಸೇರಿದೆಯೇ ಎಂದು ಬಿಡಿಸಿ ಕೇಳಿ. ಹೊಸ ಟಯರಿಗೆ ಹಳೇ ಟ್ಯೂಬ್ ಹಾಕಬೇಡಿ. ಹಿಗ್ಗಿದ ಟ್ಯೂಬು ಒಳಗೆ ಮಡಿಕೆ ಬೀಳುತ್ತದೆ, ಆ ಮಡಿಕೆಯ ಗೆರೆಯಲ್ಲೇ ಬ್ಲೇಡಿನಿಂದ ಸೀಳಿದಂತೆ ಹರಿಯುತ್ತದೆ. ರೇಡಿಯಲ್ (ಅಳತೆಯಲ್ಲಿ R ಇರುವ) ಟಯರಿಗೆ ರೇಡಿಯಲ್ ಟ್ಯೂಬೇ ಬೇಕು. ಹವಾ ತುಂಬುವಾಗ ಲಾಕ್ ರಿಂಗಿನ ಎದುರು ಯಾರೂ ನಿಲ್ಲಕೂಡದು.

ಟ್ಯೂಬ್‌ಲೆಸ್ ಕೊಡುವಾಗ ಡಿಸ್ಕಿನ ತುಕ್ಕು ಉಜ್ಜಿಸಿ, ವಾಲ್ವಿನ ರಬ್ಬರ್ ಹೊಸದು ಹಾಕಿಸಲು ಹೇಳಿ. ಮೊಳೆ ಹೊಕ್ಕಾಗ ಹೊರಗಿನಿಂದ ಚುಚ್ಚುವ ರಬ್ಬರ್ ಬತ್ತಿ, ಪಂಕ್ಚರ್ ಅಂಗಡಿ ಮುಟ್ಟುವ ತನಕದ ಉಪಾಯ ಅಷ್ಟೆ. ಟಯರ್ ಇಳಿಸಿ ಒಳಗಿನಿಂದ ಪ್ಯಾಚ್ ಹಾಕಿಸಲೇಬೇಕು.

ಮಾಲು ಇಳಿಯುವಾಗ ಐಎಸ್ 15636 (ಲಾರಿ ಟಯರಿನ ಮಾನದಂಡದ ಸಂಖ್ಯೆ) ಇರುವ ಐಎಸ್‌ಐ ಗುರುತು, ತಯಾರಿಯ ನಾಲ್ಕಂಕಿ ಎರಡನ್ನೂ ನೋಡಿ. 1225 ಎಂದರೆ 2025ರ 12ನೇ ವಾರ. ಟ್ಯೂಬ್‌ಲೆಸ್ಸನ್ನು ಬೀಡಿಗೆ ಕೊಕ್ಕೆ ಹಾಕಿ ಎತ್ತಲು ಹಮಾಲರಿಗೆ ಬಿಡಬೇಡಿ. ಅಲ್ಲಿ ಒಂದು ಗಾಯವಾದರೂ ಹವಾ ನಿಲ್ಲದು. ಗೋದಾಮಿನಲ್ಲಿ ಟಯರ್ ನಿಲ್ಲಿಸಿಡಿ, ಬಿಸಿಲು, ಆಯಿಲ್, ವೆಲ್ಡಿಂಗ್‌ನಿಂದ ದೂರ. ಟ್ಯೂಬನ್ನು ಮೊಳೆಗೆ ತೂಗುಹಾಕಿದರೆ ಆ ಜಾಗ ತೆಳ್ಳಗಾಗುತ್ತದೆ.

ಎಷ್ಟು ತರಬೇಕು ಎಂಬುದಕ್ಕೆ ನಿಮ್ಮ ಮೂರು ತಿಂಗಳ ಬಿಲ್ ಪುಸ್ತಕವೇ ಸಾಕು. ಅಳತೆವಾರು ಲೆಕ್ಕ ಹಾಕಿ, ಹಂಗಾಮಿನ ಗಿರಾಕಿಗಳನ್ನು ಬೇರೆ ಬರೆದುಕೊಳ್ಳಿ. ಮಾರಿದ ಪ್ರತಿ ಟಯರಿನ ಸೀರಿಯಲ್ ನಂಬರ್ ಬಿಲ್ಲಿನಲ್ಲಿರಲಿ. ಕ್ಲೇಮಿಗೆ ಟಯರ್ ಬಂದರೆ ಮೊದಲು ಒಳಗೆ ಕೈಯಾಡಿಸಿ. ಕರಿ ರಬ್ಬರ್ ಪುಡಿ ಅಂಟಿದರೆ ಅದು ಹವಾ ಇಲ್ಲದೆ ಓಡಿದ ಟಯರ್. ಅದನ್ನು ಕಂಪನಿಗೆ ಕಳಿಸಿದರೆ ಸಾಗಣೆ ಖರ್ಚೂ ನಿಮ್ಮ ತಲೆಗೇ ಬರುತ್ತದೆ.